ಯಾತ್ರಿಕನು ಎಲ್ಲಿ ತಂಗಬೇಕು?

ಕೆಂಗೇರಿಯಿಂದ ಹೊರಟ ಜೈನ ಕುಟುಂಬವೊಂದು ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳನ್ನು ದಾಟಿ ಅರ್ಧ ದಿನದೊಳಗೆ ಪೆನುಗೊಂಡೆಯನ್ನು ಸೇರಬಹುದು. ಆಂಧ್ರದ ಗಡಿಯೊಳಗಿದ್ದರೂ ಕನ್ನಡಿಗರಿಗೆ ಅದು ಪರಸ್ಥಳವಲ್ಲ. 1565ರ ತಾಳಿಕೋಟೆ ಯುದ್ಧದ ತರುವಾಯ ವಿಜಯನಗರದ ಅರಸರು ನೆಲೆ ನಿಂತದ್ದು ಅಲ್ಲಿಯೇ. ಜೈನರಿಗಂತೂ ಅಲ್ಲಿ ಪಚ್ಚೆ ಪಾರ್ಶ್ವನಾಥಸ್ವಾಮಿಯ ಬಸದಿಯುಂಟು. ದೆಹಲಿ, ಕೊಲ್ಲಾಪುರ, ಜಿನಕಂಚಿಗಳೊಡನೆ ಪೆನುಗೊಂಡೆಯನ್ನೂ ಕೂಡಿಸಿ ನಾಲ್ಕು ವಿದ್ಯಾಸ್ಥಾನಗಳೆಂದು ಎಣಿಸುವ ಪರಂಪರೆಯುಂಟು. ಬೆಳಗಿನ ಅಭಿಷೇಕವನ್ನು ಕಣ್ತುಂಬ ನೋಡಬೇಕೆನ್ನುವವರು ಹಿಂದಿನ ರಾತ್ರಿ ಅತ್ತ ಎಲ್ಲಿಯಾದರೂ ತಂಗಲೇಬೇಕು. ಎಲ್ಲಿ ತಂಗಬೇಕೆಂಬುದೇ ಈಗ ಎದ್ದಿರುವ ಪ್ರಶ್ನೆ.

ಪೆನುಗೊಂಡೆಯ ಸಮೀಪದ ಎರ್ರಮಂಚಿಯಲ್ಲಿ ಕೊರಿಯಾ ದೇಶದ ಕಿಯಾ ಕಂಪನಿಯು ಕಾರಿನ ಕಾರ್ಖಾನೆ ಸ್ಥಾಪಿಸಲು 2017ರಲ್ಲಿ ಒಪ್ಪಂದವಾಯಿತು. 2019ರಲ್ಲಿ ಕಾರುಗಳು ಹೊರಬಂದವು. ಕಾರ್ಖಾನೆಯ ಹಿಂದೆಯೇ ಕೊರಿಯಾದ ಎಂಜಿನಿಯರರು ಬಂದರು; ಅವರ ಹಿಂದೆಯೇ ಕೊರಿಯನ್ ಲಿಪಿಯ ಫಲಕ ಹೊತ್ತ ಹೋಟೆಲುಗಳೂ ಭೋಜನಗೃಹಗಳೂ ಬಂದವು. ಬಿಳಿಯ ಹಾಸಿಗೆ, ತಣ್ಣನೆಯ ಕೋಣೆ, ದಿನದ ಇಪ್ಪತ್ತನಾಲ್ಕು ಗಂಟೆಯೂ ಬಿಸಿನೀರು. ಬಸದಿಯಲ್ಲಿ ಕೈಮುಗಿದು, ಗಂಧೋದಕವನ್ನು ಶಿರಸ್ಸಿಗೆ ಹಚ್ಚಿಕೊಂಡು, ಕಾರು ಹತ್ತಿ ಅಂಥ ಹೋಟೆಲಿಗೆ ಹೋಗಿ ಮಲಗಿದರೆ ತಪ್ಪೇನು ಎಂದು ಕೇಳುವ ತರುಣರು ಸಮಾಜದಲ್ಲಿದ್ದಾರೆ. ತರುಣರು ಬಾಯಿಬಿಟ್ಟು ಕೇಳುತ್ತಾರೆ. ಹಿರಿಯರು ಕೇಳದೆಯೇ ಹಾಗೆ ಮಾಡುತ್ತಾರೆ. ವ್ಯತ್ಯಾಸ ಇಷ್ಟೆ.

ತಪ್ಪು ಹಾಸಿಗೆಯ ಬಿಳುಪಿನಲ್ಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳುವ ವ್ರತವನ್ನು ವಿವರಿಸುವಾಗ ಭೋಜನದೊಡನೆ ವಾಹನವನ್ನೂ ಶಯನವನ್ನೂ ಹೆಸರಿಸಿಯೇ ಹೇಳಿದ್ದಾರೆ. ಅಂದರೆ ಯಾವ ಗಾಡಿಯಲ್ಲಿ ಹೋದೆ, ಎಲ್ಲಿ ಮಲಗಿದೆ ಎಂಬುದು ಶ್ರಾವಕನ ಆಚಾರದ ಹೊರಗಿನ ಮಾತಲ್ಲ. ಅದೇ ಗ್ರಂಥದಲ್ಲಿ ವೈಯಾವೃತ್ಯದ ನಾಲ್ಕು ಬಗೆಗಳನ್ನು ಎಣಿಸುವಾಗ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸದಾನವೂ ಬಂದಿದೆ. ಅಲ್ಲಿ ಹೇಳಿದ್ದು ಸಂಯಮಿಗಳ ಸೇವೆಯನ್ನು ಕುರಿತು, ನಿಜ. ಆದರೆ ಕ್ಷೇತ್ರಗಳಲ್ಲಿ ಧರ್ಮಶಾಲೆ ಕಟ್ಟಿಸಿದ ಹಿರಿಯರ ಮನಸ್ಸಿನಲ್ಲಿದ್ದ ಭಾವ ಇದೇ. ಆ ಮಾಡಿನ ಕೆಳಗೆ ಯಾತ್ರಿಕನು ಗಿರಾಕಿಯಲ್ಲ, ಅತಿಥಿ.

ಇನ್ನು ಅಡಿಗೆಮನೆಯ ವಿಷಯ. ಹೋಟೆಲಿನಲ್ಲಿ ಮಲಗುತ್ತೇವೆ, ಉಣ್ಣುವುದಿಲ್ಲ ಎಂದು ಹೊರಟವರೂ ಮಕ್ಕಳ ಹಸಿವಿನ ಮುಂದೆ ಸೋಲುತ್ತಾರೆ. ತರಕಾರಿಯ ಊಟ ಕೊಡಿ ಎಂದು ಕೇಳಿದರೆ ಕೊರಿಯನ್ ಅಡಿಗೆಯವನು ಪ್ರಾಮಾಣಿಕವಾಗಿಯೇ ತರಕಾರಿ ತಂದಿಡುತ್ತಾನೆ. ಆದರೆ ಕೊರಿಯಾದವರ ನಿತ್ಯದ ಕಿಮ್ಚಿ ಎಂಬ ವ್ಯಂಜನದಲ್ಲಿ ಎಲೆಕೋಸು, ಮೂಲಂಗಿಗಳ ಜೊತೆಗೆ ಬೆಳ್ಳುಳ್ಳಿ ಇರುತ್ತದೆ. ಉಪ್ಪಿನಲ್ಲಿ ಹುಳಿಸಿದ ಸಿಗಡಿ ಅಥವಾ ಮೀನಿನ ರಸವನ್ನು ಬೆರೆಸುವುದು ಸಾಮಾನ್ಯ ಪದ್ಧತಿ. ಅವರ ಅನೇಕ ಸಾರುಗಳಿಗೆ ಒಣಗಿದ ಸಣ್ಣ ಮೀನನ್ನು ಕುದಿಸಿದ ನೀರೇ ಆಧಾರ. ತಟ್ಟೆಯಲ್ಲಿ ಮಾಂಸದ ತುಂಡು ಕಾಣದಿದ್ದರೆ ಸಾಕೆಂದು ತಿಳಿಯುವವನು ಅಹಿಂಸೆಯನ್ನು ಕಣ್ಣಿಗೆ ಮಾತ್ರ ಒಪ್ಪಿಸಿದಂತಾಯಿತು. ಜೊತೆಗೆ, ಸೂರ್ಯಾಸ್ತಕ್ಕೆ ಮುಂಚೆ ಊಟವೆಂಬ ನಿಯಮ ಹೋಟೆಲಿನ ಗಡಿಯಾರಕ್ಕೆ ತಿಳಿಯದು. ಕಾರ್ಖಾನೆಯ ಪಾಳಿ ಮುಗಿಸಿ ಬರುವವರಿಗಾಗಿ ಒಲೆ ಹೊತ್ತುವ ವೇಳೆಗೆ ಶ್ರಾವಕನ ಊಟದ ವೇಳೆ ಮೀರಿರುತ್ತದೆ.

ಇದರಲ್ಲಿ ಕೊರಿಯಾದವರ ದೋಷವೇನೂ ಇಲ್ಲ. ಸಾವಿರಾರು ಮೈಲಿ ದಾಟಿ ಬಂದ ಮನುಷ್ಯನು ಪೆನುಗೊಂಡೆಯ ಬಿಸಿಲಿನಲ್ಲಿಯೂ ತನ್ನ ನೆಲದ ಊಟವನ್ನು ಬಿಡಲೊಲ್ಲೆನೆಂದು ಹಟ ಹಿಡಿದುದರಿಂದಲೇ ಆ ಹೋಟೆಲು ಹುಟ್ಟಿತು. ನೂರೈವತ್ತು ಕಿಲೋಮೀಟರಿನಷ್ಟು ದಾರಿ ಬಂದ ಜೈನನಾದರೋ, ತನ್ನದೇ ತೀರ್ಥದ ನೆರಳಿನಲ್ಲಿ, ಒಂದು ರಾತ್ರಿಯ ಸುಖಕ್ಕೆ ತನ್ನ ನಿಯಮವನ್ನು ಬಿಡುತ್ತಾನೆ. ಇವರಿಬ್ಬರಲ್ಲಿ ಸಂಪ್ರದಾಯಸ್ಥ ಯಾರು?

ಅಷ್ಟೇ ಅಲ್ಲ. ಕೊರಿಯಾದ ಬೌದ್ಧ ವಿಹಾರಗಳ ಅಡಿಗೆಯಲ್ಲಿ ಮಾಂಸವಿಲ್ಲ, ಬೆಳ್ಳುಳ್ಳಿ ಈರುಳ್ಳಿಗಳಿಲ್ಲ. 2002ರಲ್ಲಿ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಗೆ ಬಂದ ಪರದೇಶಿಗಳಿಗಾಗಿ ಅಲ್ಲಿಯ ವಿಹಾರಗಳು ತಮ್ಮ ಕೋಣೆಗಳನ್ನು ತೆರೆದವು; ಆ ವ್ಯವಸ್ಥೆ ಇಂದಿಗೂ ನಡೆಯುತ್ತಿದೆ. ಬಂದವರು ಶುಲ್ಕ ಕೊಡುತ್ತಾರೆ, ನೆಲದ ಮೇಲೆ ಮಲಗುತ್ತಾರೆ, ನಸುಕಿನಲ್ಲೇ ಎದ್ದು ಪ್ರಾರ್ಥನೆಗೆ ಕೂರುತ್ತಾರೆ. ನಿಯಮ ಕಠಿಣವೆಂದು ಯಾರೂ ಓಡಿಹೋಗಲಿಲ್ಲ. ಕೋಣೆ ಶುಚಿಯಾಗಿದ್ದರೆ ಮನುಷ್ಯನು ಶಿಸ್ತನ್ನು ಸಹಿಸುತ್ತಾನೆ, ಕೊಳಕನ್ನು ಸಹಿಸುವುದಿಲ್ಲ.

ಇಲ್ಲಿಗೆ ಮಾತು ವಿಶ್ವಸ್ಥ ಮಂಡಳಿಗಳ ಬಾಗಿಲಿಗೆ ಬಂದು ನಿಲ್ಲುತ್ತದೆ. ಧರ್ಮಶಾಲೆಯಲ್ಲೇ ತಂಗಿರೆಂದು ಉಪದೇಶಿಸುವ ಧರ್ಮದರ್ಶಿಗಳಲ್ಲಿ ಎಷ್ಟು ಮಂದಿ ಅಲ್ಲಿ ಒಂದು ರಾತ್ರಿ ಮಲಗಿದ್ದಾರೆ? ಅಗುಳಿಯಿಲ್ಲದ ಬಚ್ಚಲು, ಬೀಗ ಹಾಕಿ ಮರೆತ ಕೊಠಡಿ, ಕೀಲಿಕೈ ಯಾರ ಬಳಿ ಇದೆಯೆಂದು ಊರೆಲ್ಲ ಹುಡುಕುವ ಪಾಡು ಅನೇಕ ಕ್ಷೇತ್ರಗಳಲ್ಲಿ ಕಾಣುವಂಥದೇ. ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಾನಿಯ ಹೆಸರು ಬರೆಸಿರುತ್ತದೆ. ಅದು ತಿರುಗದೆ ನಿಂತಾಗಲಷ್ಟೇ ಓದಲು ಸಿಗುತ್ತದೆ, ಸಾಮಾನ್ಯವಾಗಿ ಸಿಗುತ್ತಲೂ ಇರುತ್ತದೆ. ಕಟ್ಟಡಕ್ಕೆ ದಾನ ಬರುತ್ತದೆ, ಕಸಬರಿಕೆಗೆ ಬರುವುದಿಲ್ಲ.

ವ್ಯಾಪಾರಸ್ಥರ ಸಮಾಜಕ್ಕೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಆದರೂ ಒಂದು ಉದಾಹರಣೆ. ಇಪ್ಪತ್ತು ಕೊಠಡಿಗಳ ಒಂದು ಧರ್ಮಶಾಲೆಯಲ್ಲಿ ದಿನಕ್ಕೆ ಸರಾಸರಿ ಎಂಟು ಕೊಠಡಿ ತುಂಬುತ್ತವೆಂದು ಇಟ್ಟುಕೊಳ್ಳಬಹುದು. ಬಾಡಿಗೆ 50 ರೂಪಾಯಿಯಾದರೆ ತಿಂಗಳಿಗೆ 12,000 ರೂಪಾಯಿ. ಒಬ್ಬ ಕೆಲಸದವನ ಸಂಬಳಕ್ಕೂ ಸಾಲದು. ಅದೇ 500 ರೂಪಾಯಿಯಾದರೆ 1,20,000 ರೂಪಾಯಿ. ಮೂವರ ಸಂಬಳಕ್ಕೆ 45,000, ಬಟ್ಟೆ ಒಗೆಸಲು 15,000, ನೀರು ವಿದ್ಯುತ್ತಿಗೆ 20,000 ಹೋದರೂ 40,000 ಉಳಿಯುತ್ತದೆ. ಸವಕಳಿ, ದುರಸ್ತಿಗೆ ಅದು ಮೀಸಲು. ತೆರಿಗೆಯ ಭಯವನ್ನು ಮುಂದಿಡುವವರೂ ಉಂಟು. 2022ರ ಜುಲೈಯಿಂದ ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಯ ಹೋಟೆಲು ಕೋಣೆಗಳಿಗೂ ಜಿ.ಎಸ್.ಟಿ. ಬಂದಿತು, ನಿಜ. ಆದರೆ ಧಾರ್ಮಿಕ ಟ್ರಸ್ಟುಗಳು ನಡೆಸುವ, ದಿನಕ್ಕೆ ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೊಠಡಿಗಳಿಗೆ ವಿನಾಯಿತಿ ಇದೆಯೆಂದು ಸರಕಾರವೇ ಅದೇ ವರ್ಷದ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ.

ಬಾಡಿಗೆ ಏರಿಸಿದರೆ ಧರ್ಮಕ್ಕೆ ಕುಂದೆಂದು ಕೂಗುವವರ ಪೈಕಿ ಬಹಳ ಮಂದಿ ಹೋಟೆಲಿನಲ್ಲಿ ನಾಲ್ಕು ಸಾವಿರವನ್ನು ಮಾತಿಲ್ಲದೆ ಕೊಟ್ಟು, ಧರ್ಮಶಾಲೆಯ ಗುಮಾಸ್ತನೊಡನೆ ನೂರು ರೂಪಾಯಿಗೆ ಅರ್ಧ ಗಂಟೆ ವಾದಿಸಿದವರು. ಬಡವರಿಗೆ ಬಿಡಬೇಕಾದುದನ್ನು ಬಿಡಲು ಮಂಡಳಿಗೆ ಅಧಿಕಾರವಿದ್ದೇ ಇದೆ. ಉಳ್ಳವನು ಬಿಟ್ಟಿ ಮಲಗಿದರೆ ಅದು ದಾನ ಸ್ವೀಕಾರವಲ್ಲ, ಬಡ ಯಾತ್ರಿಕನ ಪಾಲಿನ ಅಪಹರಣ. ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆ ಮನೆತನದ ಆಡಳಿತದಲ್ಲಿ ಗಂಗಾ, ಕಾವೇರಿ, ನರ್ಮದಾ, ವೈಶಾಲಿ ಮುಂತಾದ ವಸತಿಗೃಹಗಳಿಗೆ ಬಾಡಿಗೆ ತೆತ್ತೇ ಜನ ತಂಗುತ್ತಾರೆ. ಅನ್ನದಾನವೋ ಉಚಿತವಾಗಿಯೇ ಸಾಗಿದೆ. ಎರಡೂ ಒಟ್ಟಿಗೆ ನಡೆಯಬಲ್ಲವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ.

ಮಂಡಿನೋವಿನ ಅಜ್ಜಿಗೆ ಕುಳಿತೇಳುವ ಕಷ್ಟವಿಲ್ಲದ ಶೌಚಾಲಯ ಬೇಕು. ಅದು ಧರ್ಮಶಾಲೆಯಲ್ಲಿ ಇಲ್ಲವಾದರೆ ಹೋಟೆಲಿಗೆ ಹೋದ ಕುಟುಂಬವನ್ನು ಯಾರೂ ದೂರಬಾರದು. ಆದರೆ ಹೋಗುವ ಮುನ್ನ ಧರ್ಮಶಾಲೆಗೆ ದೂರವಾಣಿ ಮಾಡಿ ವಿಚಾರಿಸಿರಬೇಕು, ಹೋಗಿ ಬಂದ ಮೇಲೆ ಏತಕ್ಕೆ ತಂಗಲಿಲ್ಲವೆಂದು ಮಂಡಳಿಗೆ ಕಾಗದ ಬರೆದಿರಬೇಕು. ಮಂಡಳಿಗಳೂ ಬರುವ ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆಯುವಾಗ ವಸತಿಯ ಆದಾಯ ಒಂದು ಕಡೆ, ಅದರ ಶುಚಿತ್ವದ ವೆಚ್ಚ ಇನ್ನೊಂದು ಕಡೆ ಎಂದು ಪ್ರತ್ಯೇಕ ಖಾತೆಯನ್ನೇ ಹಾಕಿ, ವರ್ಷಾಂತ್ಯದ ಮಹಾಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳಲಿ.