ನೊಣವೂ ನಾವೇ ಬೆಳೆಸಿದ ಬೆಳೆ

ಕಳೆದ ಮಳೆಗಾಲಕ್ಕೆ ಮೊದಲು ಅಡಿಕೆ ತೋಟಕ್ಕೆಂದು ಒಂದು ಲೋಡು ಕೋಳಿಗೊಬ್ಬರ ತರಿಸಿದೆ. ಬುಡಕ್ಕೆ ಹಾಕಲು ಆಳು ಸಿಗಲಿಲ್ಲ. ರಾಶಿ ಅಂಗಳದ ಬದಿಯಲ್ಲೇ ಉಳಿಯಿತು. ಮೇಲೆ ಎರಡು ಮಳೆ ಬಿತ್ತು. ಹತ್ತು ದಿನ ಕಳೆದದ್ದೇ ತಡ, ನೊಣವೋ ನೊಣ! ನೆರೆಮನೆಯವರು ಬಂದು, "ಅಣ್ಣಾ, ಗೊಬ್ಬರ ನಿಮ್ಮ ತೋಟಕ್ಕೆ, ನೊಣ ನಮ್ಮ ಬಟ್ಟಲಿಗೆ. ಇದು ಯಾವ ನ್ಯಾಯ?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಪೇಟೆಯಿಂದ ವಿಷ ತಂದು ಹೊಡೆದೆ. ಎರಡು ದಿನ ಕಡಿಮೆಯಾಯಿತು, ಮೂರನೇ ದಿನ ಮತ್ತೆ ಅಷ್ಟೇ. ರಾಶಿ ಕೆದಕಿದಾಗ ಗುಟ್ಟು ತಿಳಿಯಿತು. ನಾನು ಕೊಂದದ್ದು ಹಾರುವವನ್ನು. ಹುಟ್ಟಲಿರುವವು ಒಳಗೇ ಇದ್ದವು.

ಮನೆನೊಣದ ಗುರುತು ಸುಲಭ. ಬೂದು ಮೈ, 6-7 ಮಿ.ಮೀ. ಉದ್ದ, ಬೆನ್ನ ಮೇಲೆ ನಾಲ್ಕು ಕಪ್ಪು ಗೀಟು. ಇದು ಕಚ್ಚುವುದಿಲ್ಲ, ಎಂಜಲು ಬಿಟ್ಟು ಆಹಾರ ಕರಗಿಸಿ ಹೀರುತ್ತದೆ. ದನದ ಕಾಲಿಗೆ ಚುಚ್ಚಿ ರಕ್ತ ಹೀರುವುದು ಬೇರೆ ಜಾತಿ. ಅದರ ಮೂತಿ ಸೂಜಿಯ ಹಾಗೆ ಮುಂದಕ್ಕೆ ಚಾಚಿರುತ್ತದೆ.

ಹೆಣ್ಣು ನೊಣ ಒಂದು ಸಲಕ್ಕೆ ನೂರರಷ್ಟು ಬಿಳಿ ಮೊಟ್ಟೆಗಳನ್ನು ಒದ್ದೆ ಸೆಗಣಿ, ಗೊಬ್ಬರ, ಕೊಳೆಯುವ ಕಸದಲ್ಲಿ ಇಡುತ್ತದೆ. ದಿನದೊಳಗೆ ಹುಳ ಹೊರಬರುತ್ತದೆ. ನಮ್ಮ ಸೆಕೆಗೆ ನಾಲ್ಕೈದು ದಿನದಲ್ಲಿ ಬಲಿತು, ಒಣಗಿದ ಅಂಚಿಗೆ ಸರಿದು ಕಂದು ಕೋಶವಾಗುತ್ತದೆ. ಮತ್ತೆ ನಾಲ್ಕೈದು ದಿನಕ್ಕೆ ನೊಣ. ಅಂದರೆ ನಮಗೆ ಸಿಗುವ ವಾಯಿದೆ ಒಂದು ವಾರ.

ಡಿಡಿಟಿಯನ್ನೇ 1940ರ ದಶಕ ಮುಗಿಯುವ ಮೊದಲು ಅರಗಿಸಿಕೊಂಡ ಜೀವಿ ಇದು. ಬರೀ ವಿಷ ನಂಬಿದರೆ ದುಡ್ಡು ದಂಡ. ಗೊಬ್ಬರ ತಂದವನೇ ನೊಣಕ್ಕೂ ಜವಾಬ್ದಾರ ಅಂತ ನನ್ನ ಅಭಿಪ್ರಾಯ. ತಂದ ದಿನವೇ ರಾಶಿಗೆ ಟಾರ್ಪಾಲು ಹೊದೆಸಿ, ಅಂಚಿಗೆ ಮಣ್ಣು ಹಾಕಬೇಕು. ಒಳಗೆ ಬಿಸಿ 50 ಡಿಗ್ರಿ ದಾಟಿದರೆ ಹುಳ ಬದುಕದು. ಅಂಚಿನ ತಣ್ಣಗಿನ ಗೊಬ್ಬರವನ್ನು ವಾರದೊಳಗೆ ಮಗುಚಿ ಒಳಕ್ಕೆ ಹಾಕಬೇಕು. ಹಟ್ಟಿಯ ಮೂಲೆ, ಗಂಜಲ ಹೋಗುವ ಕಣಿಯನ್ನು ವಾರಕ್ಕೆರಡು ಸಲ ಕೆರೆದು ತೆಗೆಯಬೇಕು. ಸೊಪ್ಪಿನ ಹಟ್ಟಿಯವರು ಒಣ ತರಗೆಲೆ ಧಾರಾಳ ಹಾಕಲಿ. ನೊಣಕ್ಕೆ ಬೇಕಾದ್ದು ಒದ್ದೆ.

"ಇದಕ್ಕೆಲ್ಲ ಪುರುಸೊತ್ತು ಯಾರಿಗಿದೆ ಮಾರಾಯ್ರೆ?" ಅನ್ನುತ್ತೀರಿ. ನಾನೂ ಹಾಗೇ ಅಂದವನು. ಮುಚ್ಚಲಿಕ್ಕೆ ಬೇಕಾದ್ದು ಅರ್ಧ ಗಂಟೆ. ನೆರೆಮನೆಯವರು ಮೊದಲಿನ ಹಾಗೆ ಮಾತಾಡಲಿಕ್ಕೆ ಮೂರು ತಿಂಗಳು ಹಿಡಿಯಿತು.

ಈ ವರ್ಷವೂ ಲೋಡು ಬಂತು. ಟಾರ್ಪಾಲಿನ ಇನ್ನೊಂದು ತುದಿ ಹಿಡಿದವರು ಅವರೇ. ನಿಮ್ಮಲ್ಲಿ ಬೇರೆ ಉಪಾಯ ಇದ್ದರೆ ಬರೆಯಿರಿ.