‘ಅವನೇ ಒಪ್ಪಿಕೊಂಡು ಕುಡಿದ’ ಎನ್ನುವವರಿಗೆ

ಲೂಸಿಯಾನಾದಲ್ಲಿ ಮ್ಯಾಕ್ಸ್ ಗ್ರೂವರ್ ಕಾಯ್ದೆ, ಪೆನ್ಸಿಲ್ವೇನಿಯಾದಲ್ಲಿ ಟಿಮೊತಿ ಪಿಯಾಝಾ ಕಾಯ್ದೆ, ಫ್ಲಾರಿಡಾದಲ್ಲಿ ಆಂಡ್ರ್ಯೂ ಕಾಯ್ದೆ, ಒಹಾಯೊದಲ್ಲಿ ಕಾಲಿನ್ ಕಾಯ್ದೆ, ವರ್ಜೀನಿಯಾದಲ್ಲಿ ಆ್ಯಡಂ ಕಾಯ್ದೆ. ಇವು ಅಮೆರಿಕದ ರಾಜ್ಯಗಳು ಹೇಜಿಂಗ್ (ವಿದ್ಯಾರ್ಥಿ ಸಂಘ ಸೇರಬಂದ ಹೊಸಬರಿಗೆ ಕೊಡುವ ಹಿಂಸೆ) ತಡೆಯಲು ಮಾಡಿಕೊಂಡ ಕಾನೂನುಗಳು. ಹೆಸರುಗಳು ಶಾಸಕರದ್ದಲ್ಲ, ನ್ಯಾಯಾಧೀಶರದ್ದಲ್ಲ. ಕಾಲೇಜಿಗೆ ಓದಲು ಹೋಗಿ ಸತ್ತ ಹುಡುಗರದ್ದು. ಪ್ರತಿ ರಾಜ್ಯವೂ ತನ್ನ ಪಾಲಿನ ಹೆಣ ಬೀಳುವವರೆಗೆ ಕಾದು ಕೂತಿತ್ತು. ಒಹಾಯೊಗೆ ಒಂದು ಹೆಣ ಸಾಲಲಿಲ್ಲ. ಕಾಲಿನ್ ಸತ್ತದ್ದು 2018ರಲ್ಲಿ. ಅವನ ಹೆಸರಿನ ಮಸೂದೆ ಶಾಸನಸಭೆಯಲ್ಲಿ ಮುಂದಕ್ಕೆ ಹೋಗದೆ ನಿಂತಿತು. 2021ರ ಮಾರ್ಚಿನಲ್ಲಿ ಅದೇ ರಾಜ್ಯದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯದಲ್ಲಿ, ಹೊಸಬನಿಗೊಬ್ಬ ‘ಅಣ್ಣ’ನನ್ನು ಗೊತ್ತುಮಾಡುವ ರಾತ್ರಿ, ಇಪ್ಪತ್ತು ವರ್ಷದ ಇನ್ನೊಬ್ಬ ಹುಡುಗ ಬಾಟಲಿ ಮದ್ಯ ಕುಡಿದು ಸತ್ತ. ಆಮೇಲೆ ಜುಲೈ ಹೊತ್ತಿಗೆ ಆ ಮಸೂದೆಗೆ ರಾಜ್ಯಪಾಲರ ಸಹಿ ಬಿತ್ತು.

ಈ ಸಾವುಗಳೆಲ್ಲ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಹುಡುಗರ ಸಂಘಗಳಲ್ಲಿ ಆದವು. ಅವಕ್ಕೆ ಫ್ರೆಟರ್ನಿಟಿ ಎನ್ನುತ್ತಾರೆ, ಹುಡುಗಿಯರದ್ದಕ್ಕೆ ಸೊರೊರಿಟಿ. ವಾಸಕ್ಕೊಂದು ದೊಡ್ಡ ಮನೆ, ವಾರಾಂತ್ಯದ ಪಾರ್ಟಿ, ಜೀವಮಾನದ ಗೆಳೆತನದ ಭರವಸೆ, ಓದು ಮುಗಿದ ಮೇಲೆ ಕೆಲಸ ಕೊಡಿಸಬಲ್ಲ ಹಳೆ ವಿದ್ಯಾರ್ಥಿಗಳ ನಂಟು. ಸೇರಬಯಸಿದವರು ಮೊದಲು ಕೆಲವು ವಾರ ‘ಪ್ಲೆಜ್’ ಆಗಿರಬೇಕು. ಅಂದರೆ ಒಳಗೂ ಅಲ್ಲ, ಹೊರಗೂ ಅಲ್ಲ. ಆ ಅವಧಿಯಲ್ಲಿ ಹೊಸಬ ಸಂಘದ ಚರಿತ್ರೆ ಬಾಯಿಪಾಠ ಮಾಡುತ್ತಾನೆ, ನೆಲ ಒರೆಸುತ್ತಾನೆ, ನಡುರಾತ್ರಿ ಹಿರಿಯರನ್ನು ಕಾರಿನಲ್ಲಿ ಮನೆಗೆ ಬಿಡುತ್ತಾನೆ. ಕುಡಿ ಎಂದಾಗ ಕುಡಿಯುತ್ತಾನೆ.

ಇದನ್ನು ಉಳಿಸಿಕೊಳ್ಳಬೇಕೆನ್ನುವವರ ಮೊದಲ ಮಾತು ಸಂಪ್ರದಾಯ. ಹಿಂದೆ ಎಲ್ಲವೂ ಮುಗ್ಧವಾಗಿತ್ತು, ಈಗಿನವರು ಕೆಡಿಸಿದರು ಎನ್ನುತ್ತಾರೆ. ಆ ‘ಹಿಂದೆ’ ಯಾವುದು ಎಂದು ನಾನು ಕೇಳುತ್ತೇನೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ದೀಕ್ಷೆಯ ಹೆಸರಿನಲ್ಲಿ ಕಣ್ಣು ಕಟ್ಟಿ ಕತ್ತಲಲ್ಲಿ ಕರೆದೊಯ್ದ ಹುಡುಗ ಕಂದರಕ್ಕೆ ಬಿದ್ದು ಸತ್ತದ್ದು 1873ರಲ್ಲಿ. ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಹೊಸಬರಿಗೆ ಕೊಡುತ್ತಿದ್ದ ಹಿಂಸೆಯ ಬಗ್ಗೆ ಅಮೆರಿಕದ ಸಂಸತ್ತು ವಿಚಾರಣೆ ನಡೆಸಿದ್ದು 1901ರಲ್ಲಿ. ಆಗ ಸಾಕ್ಷಿ ಹೇಳಲು ನಿಂತ ಹುಡುಗರಲ್ಲಿ ಮುಂದೆ ಜನರಲ್ ಆದ ಡಗ್ಲಸ್ ಮೆಕಾರ್ಥರ್ ಕೂಡ ಇದ್ದರು. ಮುಗ್ಧವಾಗಿದ್ದ ಕಾಲವೊಂದನ್ನು ಇದರಲ್ಲಿ ಎಲ್ಲಿ ಹುಡುಕೋಣ?

ನಿರುಪದ್ರವಿ ಎನ್ನಬಹುದಾದ ಪದ್ಧತಿಯೊಂದು ಇದ್ದದ್ದು ನಿಜ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಮೊದಲ ವರ್ಷದವರೆಲ್ಲ ಕಾಲೇಜಿನ ಬಣ್ಣದ ಪುಟ್ಟ ಟೋಪಿ ಹಾಕಿಕೊಂಡೇ ಓಡಾಡಬೇಕಿತ್ತು. ಹಿರಿಯರು ಕೇಳಿದಲ್ಲಿ ನಿಂತು ಕಾಲೇಜಿನ ಹಾಡು ಹೇಳಬೇಕಿತ್ತು. ಕೆಲವು ದಾರಿಗಳಲ್ಲಿ ಅವರು ಕಾಲಿಡುವಂತಿರಲಿಲ್ಲ. ಹಳೆಯ ಫೋಟೊಗಳಲ್ಲಿ ಈ ಟೋಪಿಗಳು ಮುದ್ದಾಗಿಯೇ ಕಾಣುತ್ತವೆ. ಟೋಪಿ ಹಾಕದವನಿಗೆ ಏನಾಗುತ್ತಿತ್ತು ಎನ್ನುವುದು ಫೋಟೊದಲ್ಲಿಲ್ಲ: ಹಲಗೆಯ ಏಟು, ಕೂದಲು ಕತ್ತರಿಸುವುದು, ಕೊಳಕ್ಕೆ ಎತ್ತಿಹಾಕುವುದು.

ಈ ಟೋಪಿಗೆ ಬಂದ ಗತಿಯನ್ನು ಸಂಪ್ರದಾಯದ ವಕೀಲರು ಗಮನಿಸಬೇಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1944ರ ಜಿ.ಐ. ಬಿಲ್‌ನ ನೆರವಿನಿಂದ ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜು ಸೇರಿದರು. ಯುರೋಪಿನ ಕಂದಕಗಳಲ್ಲಿ, ಪೆಸಿಫಿಕ್ ದ್ವೀಪಗಳಲ್ಲಿ ಸಾವನ್ನು ಎದುರಿಗೆ ಕಂಡು ಬಂದವರು, ಕೆಲವರಿಗೆ ಹೆಂಡತಿ ಮಕ್ಕಳು ಬೇರೆ. ಹತ್ತೊಂಬತ್ತರ ಹುಡುಗನೊಬ್ಬ ಬಂದು ‘ಟೋಪಿ ಹಾಕು, ಹಾಡು ಹೇಳು’ ಎಂದರೆ ಅವರು ಕೇಳುವವರೇ? ಅವರ ನಿರಾಕರಣೆಯಿಂದ ಪದ್ಧತಿಯ ಬುಡ ಅಲುಗಾಡಿತು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಬಹುಪಾಲು ಕಡೆ ಅದು ಹೋಗಿಯೇ ಬಿಟ್ಟಿತು. ಆ ಕಾಲೇಜುಗಳು ಇಂದಿಗೂ ಇವೆ, ಅವುಗಳ ಮೇಲಿನ ಅಭಿಮಾನವೂ ಇದೆ. ಬೇಡ ಎನ್ನುವ ಧೈರ್ಯ ಮತ್ತು ವಯಸ್ಸು ಎರಡೂ ಇದ್ದ ಜನ ಬಂದಾಗ ಕುಸಿದುಬಿದ್ದ ಸಂಪ್ರದಾಯ, ಅಷ್ಟು ದಿನ ನಿಂತದ್ದು ಹದಿನೆಂಟು ವರ್ಷದವರ ಭಯದ ಮೇಲೆ.

ಎರಡನೆಯ ಮಾತು ಒಪ್ಪಿಗೆಯದ್ದು. ‘ಯಾರೂ ಬಾಯಿಗೆ ಸುರಿಯಲಿಲ್ಲ, ಅವನೇ ಒಪ್ಪಿಕೊಂಡು ಕುಡಿದ.’ ನ್ಯಾಯಾಲಯಗಳಲ್ಲಿ ಆರೋಪಿಗಳ ವಕೀಲರು ಆಡುವ ಮಾತು ಇದು. ಕನ್ನಡದ ಓದುಗರಿಗೂ ಒಂದು ಕ್ಷಣ ಸರಿ ಎನ್ನಿಸಬಹುದು, ಏಕೆಂದರೆ ನಮಗೆ ಗೊತ್ತಿರುವ ರ್‍ಯಾಗಿಂಗ್ ಬೇರೆ ಬಗೆಯದು. ಇಲ್ಲಿ ಹಾಸ್ಟೆಲ್‌ಗೆ ಸೇರಿದ ಹುಡುಗನನ್ನು ಸೀನಿಯರ್‌ಗಳು ಹುಡುಕಿಕೊಂಡು ಬರುತ್ತಾರೆ. ಅವನು ಯಾವ ಸಂಘಕ್ಕೂ ಅರ್ಜಿ ಹಾಕಿರುವುದಿಲ್ಲ. ಹಾಗಾಗಿ ನಮ್ಮ ರಾಜ್ಯದ 1983ರ ಶಿಕ್ಷಣ ಕಾಯ್ದೆ ರ್‍ಯಾಗಿಂಗನ್ನು ಅಪರಾಧ ಎಂದಾಗಲೂ, 2009ರಲ್ಲಿ ಹಿಮಾಚಲದ ವೈದ್ಯಕೀಯ ಕಾಲೇಜೊಂದರಲ್ಲಿ ವಿದ್ಯಾರ್ಥಿ ಸತ್ತ ನಂತರ ಯುಜಿಸಿ ದೇಶಕ್ಕೆಲ್ಲ ನಿಯಮ ತಂದಾಗಲೂ, ಹುಡುಗನ ಒಪ್ಪಿಗೆಯ ಪ್ರಶ್ನೆ ದೊಡ್ಡದಾಗಿ ಏಳಲಿಲ್ಲ. ಅಮೆರಿಕದ ಹುಡುಗ ತಾನಾಗಿಯೇ ಬಾಗಿಲು ತಟ್ಟುತ್ತಾನೆ. ಆ ಬಾಗಿಲ ಹಿಂದೆ ಏನು ನಡೆಯುತ್ತದೆ ಎಂಬುದನ್ನು ನೋಡದೆ ಒಪ್ಪಿಗೆಯ ಮಾತಾಡಬಾರದು.

2017ರ ಫೆಬ್ರುವರಿ 2ರ ರಾತ್ರಿ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀಟಾ ಥೀಟಾ ಪೈ ಸಂಘದ ಮನೆ. ಮದ್ಯ ನಿಷೇಧಿಸಿದ್ದೇವೆಂದು ಹೇಳಿಕೊಂಡಿದ್ದ ಮನೆ ಅದು, ಗೋಡೆಗಳಲ್ಲಿ ಕ್ಯಾಮೆರಾ ಕೂಡ ಇದ್ದವು. ಹತ್ತೊಂಬತ್ತರ ಟಿಮೊತಿ ಪಿಯಾಝಾಗೆ 82 ನಿಮಿಷಗಳಲ್ಲಿ 18 ಪೆಗ್ಗಿನಷ್ಟು ಮದ್ಯ ಕುಡಿಸಿದರು. ಅವನು ನೆಲಮಾಳಿಗೆಯ ಮೆಟ್ಟಿಲಿನಿಂದ ಉರುಳಿಬಿದ್ದ. ಎತ್ತಿ ತಂದು ಸೋಫಾದ ಮೇಲೆ ಮಲಗಿಸಿದರು. ಅಂಗಾತ ಹೊರಳಿ ವಾಂತಿ ಉಸಿರಿಗೆ ಸಿಗದಿರಲಿ ಎಂದು ಪುಸ್ತಕ ತುಂಬಿದ ಚೀಲವನ್ನು ಬೆನ್ನಿಗೆ ಕಟ್ಟಿದರು. ಸಹಾಯಕ್ಕೆ ಕರೆಯೋಣ ಎಂದ ಒಬ್ಬನನ್ನು ತಳ್ಳಿ ಸುಮ್ಮನಾಗಿಸಿದರು. ಆಂಬುಲೆನ್ಸಿಗೆ ಕರೆ ಹೋದದ್ದು ಸುಮಾರು ಹನ್ನೆರಡು ಗಂಟೆಗಳ ನಂತರ. ಎರಡು ದಿನಕ್ಕೆ ಹುಡುಗ ತೀರಿಕೊಂಡ. ಮೊದಲ ಲೋಟಕ್ಕೆ ಅವನು ಒಪ್ಪಿದ್ದ ಎಂದೇ ಇಟ್ಟುಕೊಳ್ಳೋಣ. ಆ ಹನ್ನೆರಡು ಗಂಟೆಗಳಿಗೆ ಯಾರು ಒಪ್ಪಿದ್ದರು?

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ‘ಬೈಬಲ್ ಸ್ಟಡಿ’ ಎಂದು ಹೆಸರಿಟ್ಟ ಆಟವೊಂದು ನಡೆಯಿತು. ಸಂಘದ ಬಗ್ಗೆ, ಗ್ರೀಕ್ ಅಕ್ಷರಮಾಲೆಯ ಬಗ್ಗೆ ಕೇಳಿದ ಪ್ರಶ್ನೆಗೆ ತಪ್ಪು ಹೇಳಿದವನು ಕುಡಿಯಬೇಕು. ಮ್ಯಾಕ್ಸ್ ಗ್ರೂವರ್ ಸತ್ತಾಗ ರಕ್ತದಲ್ಲಿದ್ದ ಮದ್ಯ 0.495 ಪ್ರತಿಶತ. ಅಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 0.08. ಹದಿನೆಂಟು ವರ್ಷದ ಮಗು ಅದು, ಕಾಲೇಜಿಗೆ ಬಂದು ಒಂದು ತಿಂಗಳಾಗಿತ್ತು ಅಷ್ಟೆ.

ಹುಡುಗಿಯರ ಸಂಘಗಳಲ್ಲಿ ಹೀಗೆಲ್ಲ ಇಲ್ಲ ಎನ್ನುವವರೂ ಇದ್ದಾರೆ. 2002ರಲ್ಲಿ ಲಾಸ್ ಏಂಜಲೀಸ್‌ನ ಕಡಲತೀರದಲ್ಲಿ ರಾತ್ರಿ ಇಬ್ಬರು ಹೆಣ್ಣುಮಕ್ಕಳು ಅಲೆಗಳ ಪಾಲಾದರು. ಸೊರೊರಿಟಿ ಸೇರುವ ಹಂತದಲ್ಲಿದ್ದರು ಎಂದು ಅವರ ಕುಟುಂಬದವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು.

‘ನಾನೂ ಅದನ್ನು ದಾಟಿ ಬಂದೆ, ನನಗೇನೂ ಆಗಲಿಲ್ಲ, ಅದರಿಂದಲೇ ಗೆಳೆತನ ಗಟ್ಟಿಯಾಯಿತು’ ಎಂದು ಪ್ರಾಮಾಣಿಕವಾಗಿ ನಂಬಿದ ಹಳೆ ವಿದ್ಯಾರ್ಥಿಗಳು ಸಾವಿರಾರು. ಅವರು ಸುಳ್ಳು ಹೇಳುತ್ತಿಲ್ಲ. 1959ರಲ್ಲಿ ಎಲಿಯಟ್ ಆ್ಯರನ್ಸನ್, ಜಡ್ಸನ್ ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿನಿಯರ ಮೇಲೆ ಒಂದು ಪ್ರಯೋಗ ಮಾಡಿದರು. ಚರ್ಚಾಗುಂಪೊಂದಕ್ಕೆ ಸೇರಿಸಿಕೊಳ್ಳುವ ಮೊದಲು ಕೆಲವರಿಂದ ಗಂಡಸಿನ ಎದುರು ಅಶ್ಲೀಲ ಪದಗಳನ್ನು ಗಟ್ಟಿಯಾಗಿ ಓದಿಸಿದರು, ಉಳಿದವರನ್ನು ಸುಲಭವಾಗಿ ಬಿಟ್ಟರು. ಆಮೇಲೆ ಎಲ್ಲರಿಗೂ ಬೇಕೆಂದೇ ತಯಾರಿಸಿದ ಪರಮ ನೀರಸ ಚರ್ಚೆ ಕೇಳಿಸಿದರು. ಹೆಚ್ಚು ಮುಜುಗರಪಟ್ಟವರಿಗೇ ಆ ಚರ್ಚೆ ಹೆಚ್ಚು ಇಷ್ಟವಾಯಿತು. ಪಟ್ಟ ಪಾಡು ದಂಡವಾಯಿತು ಎಂದು ಒಪ್ಪಿಕೊಳ್ಳಲು ಮನಸ್ಸಿಗೆ ಆಗುವುದಿಲ್ಲ. 2008ರಲ್ಲಿ ಮೇನ್ ವಿಶ್ವವಿದ್ಯಾಲಯದ ಸಂಶೋಧಕರು 53 ಕಾಲೇಜುಗಳ ಹನ್ನೊಂದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿ ನೋಡಿದಾಗ, ಸಂಘ, ತಂಡಗಳಲ್ಲಿದ್ದವರಲ್ಲಿ 55 ಪ್ರತಿಶತ ಮಂದಿ ಹೇಜಿಂಗ್ ಅನುಭವಿಸಿದ್ದರು. ಅವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ತಮಗಾದದ್ದು ಹೇಜಿಂಗ್ ಎಂದೇ ಅನ್ನಿಸಿರಲಿಲ್ಲ. ‘ನನಗೇನೂ ಆಗಲಿಲ್ಲ’ ಎಂಬ ಸಾಕ್ಷ್ಯವನ್ನು ನಂಬಿ ಪದ್ಧತಿ ಉಳಿಸುವುದು ಹೇಗೆ?

ಇದು ಬಿಳಿಯರ, ಸಿರಿವಂತರ ಮಕ್ಕಳ ಹುಚ್ಚು, ನಮಗೇಕೆ ಎಂದು ಅಲ್ಲಿ ನೆಲೆಸಿದ ಕನ್ನಡ ತಂದೆತಾಯಿಗಳು ಅಂದುಕೊಳ್ಳಬಾರದು. ಅಲ್ಲೇ ಹುಟ್ಟಿದ ನಮ್ಮವರ ಮಕ್ಕಳೂ ಹದಿನೆಂಟಕ್ಕೆ ಇದೇ ಕ್ಯಾಂಪಸ್‌ಗಳಿಗೆ ಹೋಗುತ್ತಾರೆ, ದಕ್ಷಿಣ ಏಷ್ಯಾ ಮೂಲದವರದ್ದೇ ಗ್ರೀಕ್ ಸಂಘಗಳಿವೆ. 2013ರಲ್ಲಿ ನ್ಯೂಯಾರ್ಕಿನ ಬರೂಕ್ ಕಾಲೇಜಿನ ಮೊದಲ ವರ್ಷದ ಹುಡುಗ ಸತ್ತದ್ದು ಏಷ್ಯನ್ ಅಮೆರಿಕನ್ನರು ಕಟ್ಟಿದ ಪೈ ಡೆಲ್ಟಾ ಸೈ ಸಂಘದ ದೀಕ್ಷೆಯಲ್ಲಿ. ಕಣ್ಣು ಕಟ್ಟಿ, ಬೆನ್ನಿಗೆ ಮರಳಿನ ಚೀಲ ಹೊರಿಸಿ, ಹಿಮಗಟ್ಟಿದ ಅಂಗಳದಲ್ಲಿ ನಡೆಸಿ, ಅಡ್ಡಬಂದು ಕೆಡವಿದರು. ವಲಸಿಗರು ಪಟ್ಟ ಕಷ್ಟವನ್ನು ನೆನಪಿಸುವ ಆಚರಣೆ ಅದೆಂದು ಹೇಳಿಕೊಂಡರು. ಪರದೇಶಕ್ಕೆ ಬಂದು ದುಡಿದು ಮಗನನ್ನು ಓದಲು ಕಳಿಸಿದ ತಾಯ್ತಂದೆಯರ ಕಷ್ಟವನ್ನು ಆ ಮಗನ ಮೈಮೇಲೆ ಹೀಗೆ ‘ನೆನಪಿಸುವುದು’ ನನ್ನ ಮಟ್ಟಿಗೆ ಕ್ಷಮಿಸಲಾಗದ ಮಾತು.

2024ರ ಡಿಸೆಂಬರಿನಲ್ಲಿ ಕೇಂದ್ರ ಮಟ್ಟದ ಕಾಯ್ದೆಯೊಂದು ಅಮೆರಿಕದಲ್ಲಿ ಬಂತು. ಯಾವ ಸಂಘದಲ್ಲಿ ಏನು ನಡೆಯಿತು, ಏನು ಕ್ರಮವಾಯಿತು ಎಂಬುದನ್ನು ಕಾಲೇಜುಗಳು ಸಾರ್ವಜನಿಕವಾಗಿ ಪ್ರಕಟಿಸಬೇಕು. ಒಳ್ಳೆಯದೇ. ಆದರೆ ವರದಿ ಬರುವುದು ಆದ ಮೇಲೆ. ರೋಗ ಇರುವುದು ಆ ಪ್ಲೆಜ್ ಅವಧಿಯಲ್ಲಿ. ಒಬ್ಬನನ್ನು ವಾರಗಟ್ಟಲೆ ಕೆಳಗಿನವನಾಗಿ ಇರಿಸಿ, ಅವನ ಭವಿಷ್ಯದ ಬೀಗದ ಕೈಯನ್ನು ಇಪ್ಪತ್ತೊಂದರ ಹುಡುಗರಿಗೆ ಕೊಟ್ಟರೆ, ಮರ್ಯಾದೆಯ ನಿಯಮಪುಸ್ತಕ ಎಷ್ಟು ದಪ್ಪವಿದ್ದರೂ ಉಪಯೋಗವಿಲ್ಲ. 2014ರಲ್ಲಿ ಸಿಗ್ಮಾ ಆಲ್ಫಾ ಎಪ್ಸಿಲಾನ್ ಎಂಬ ಬೃಹತ್ ಸಂಘ, ಸಾಲುಸಾಲು ಸಾವುಗಳ ನಂತರ, ಪ್ಲೆಜ್ ಪದ್ಧತಿಯನ್ನೇ ತೆಗೆದುಹಾಕಿತು: ಆಹ್ವಾನ ಒಪ್ಪಿದ ನಾಲ್ಕು ದಿನದೊಳಗೆ ಪೂರ್ಣ ಸದಸ್ಯತ್ವ. ಕದ್ದು ನಡೆಸುವವರು ಅಲ್ಲಿಯೂ ಇದ್ದರು, ಆದರೆ ಕದಿಯಬೇಕಾಯಿತು, ಸಂಘದ ಹೆಸರಿನಲ್ಲಿ ಸಮರ್ಥಿಸಿಕೊಳ್ಳಲು ಆಗಲಿಲ್ಲ. ವಿಲಿಯಮ್ಸ್ ಕಾಲೇಜು 1962ರಲ್ಲಿಯೇ ಫ್ರೆಟರ್ನಿಟಿಗಳನ್ನು ಮುಚ್ಚುವ ನಿರ್ಧಾರ ಮಾಡಿತು, ಸಿಟ್ಟಾದ ಹಳೆ ವಿದ್ಯಾರ್ಥಿಗಳನ್ನು ಎದುರಿಸಿ. ಇವತ್ತು ಆ ದೇಶದ ಅತ್ಯುತ್ತಮ ಕಾಲೇಜುಗಳ ಸಾಲಿನಲ್ಲಿ ಅದು ನಿಂತಿದೆ.

ಉಳಿದವರು ಈ ಹೆಜ್ಜೆ ಇಡದಿರಲು ಕಾರಣ ಹಣ. ಚೆಕ್ ಬರೆಯುವ ಹಳೆ ವಿದ್ಯಾರ್ಥಿಗಳಿಗೆ ಅಧ್ಯಕ್ಷರು, ಟ್ರಸ್ಟಿಗಳು ಹೆದರುತ್ತಾರೆ. ಹಾಗಾದರೆ ಒತ್ತಡವೂ ಅಲ್ಲಿಂದಲೇ ಬರಬೇಕು. ಪ್ಲೆಜ್ ಅವಧಿ ತೆಗೆಯುವವರೆಗೆ ದೇಣಿಗೆ ಇಲ್ಲ ಎಂದು ಹಳೆ ಸದಸ್ಯರು ಬರೆದು ಕಳಿಸಲಿ. ಮಕ್ಕಳನ್ನು ಸೇರಿಸುವ ತಂದೆತಾಯಿಗಳು ಶುಲ್ಕ ಕಟ್ಟುವ ಮೊದಲು ಆ ಕಾಲೇಜಿನ ಹೇಜಿಂಗ್ ವರದಿಯನ್ನು ತೆರೆದು ಓದಲಿ, ಹೊಸ ಸದಸ್ಯನನ್ನು ಎಷ್ಟು ವಾರ ಕಾಯಿಸುತ್ತೀರಿ, ಆ ವಾರಗಳಲ್ಲಿ ಅವನಿಂದ ಏನು ಮಾಡಿಸುತ್ತೀರಿ ಎಂದು ಕೇಳಿ ಲಿಖಿತ ಉತ್ತರ ಪಡೆಯಲಿ.