ರೆಡ್‌ವುಡ್ ಮರಗಳ ವಂಶವೈವಿಧ್ಯ

ಭೂಮಿಯ ಮೇಲೆ ಈಗ ಜೀವಿಸಿರುವ ಮರಗಳಲ್ಲೆಲ್ಲ ಅತ್ಯಂತ ಎತ್ತರವಾದುವು ಅಮೆರಿಕದ ಕರಾವಳಿ ರೆಡ್‌ವುಡ್ ಮರಗಳು. ಆರೆಗಾನ್ ಸಂಸ್ಥಾನದ ನೈರುತ್ಯ ಮೂಲೆಯಿಂದ ಕ್ಯಾಲಿಫೋರ್ನಿಯದ ಮಧ್ಯಭಾಗದ ಕರಾವಳಿಯವರೆಗೆ ಹಬ್ಬಿರುವ, ಸುಮಾರು 720 ಕಿಲೋಮೀಟರು ಉದ್ದದ ಕಿರಿದಾದ ಪಟ್ಟಿಯೊಂದೇ ಇವುಗಳ ಸಹಜ ನೆಲೆ. 2006ರಲ್ಲಿ ಪತ್ತೆಯಾದ ‘ಹೈಪೀರಿಯನ್’ ಎಂಬ ಮರದ ಎತ್ತರ 115 ಮೀಟರಿಗೂ ಹೆಚ್ಚು. ಎರಡು ಸಾವಿರ ವರ್ಷಗಳನ್ನು ಮೀರಿ ಬಾಳಿದ ಮರಗಳೂ ಉಂಟು. ಈ ವೃಕ್ಷಗಳ ವಿಷಯವಾಗಿ ಬರೆಯುವವರು ಎತ್ತರವನ್ನೂ ವಯಸ್ಸನ್ನೂ ಹೇಳಿ ಮುಗಿಸುವುದು ವಾಡಿಕೆ. ಆದರೆ ಇವುಗಳ ಭವಿಷ್ಯವು ಕಣ್ಣಿಗೆ ಕಾಣದ ಬೇರೊಂದು ಸಂಪತ್ತನ್ನು, ಎಂದರೆ ವಂಶವೈವಿಧ್ಯವನ್ನು, ಅವಲಂಬಿಸಿದೆಯೆಂಬುದು ನಮ್ಮ ಅಭಿಪ್ರಾಯ.

1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ದೊರೆತುದೇ ತಡ, ಜನರು ತಂಡೋಪತಂಡವಾಗಿ ಅಲ್ಲಿಗೆ ಬಂದರು. ಮನೆಗಳಿಗೂ ರೈಲು ಹಾದಿಗಳಿಗೂ ಮರ ಬೇಕಾಯಿತು. ಎಂಟು ಲಕ್ಷ ಹೆಕ್ಟೇರುಗಳಷ್ಟಿದ್ದ ಹಳೆಯ ಅರಣ್ಯದಲ್ಲಿ ಇಂದು ಕೊಡಲಿ ತಾಕದೆ ಉಳಿದಿರುವುದು ನೂರಕ್ಕೆ ಐದು ಪಾಲು ಮಾತ್ರ. 1918ರಲ್ಲಿ ಸ್ಥಾಪನೆಯಾದ ‘ಸೇವ್ ದ ರೆಡ್‌ವುಡ್ಸ್ ಲೀಗ್’ ಎಂಬ ಸಂಸ್ಥೆಯೂ 1968ರಲ್ಲಿ ಏರ್ಪಟ್ಟ ರಾಷ್ಟ್ರೀಯ ಉದ್ಯಾನವೂ ಇಲ್ಲದಿದ್ದಲ್ಲಿ ಇಷ್ಟಾದರೂ ಉಳಿಯುತ್ತಿತ್ತೆ ಎಂಬುದು ಸಂದೇಹ. ಈಗ ಪ್ರಶ್ನೆ ಮಿಕ್ಕ ತೊಂಬತ್ತೈದು ಪಾಲಿನದು. ಅಲ್ಲಿ ಕಾಡನ್ನು ಮರಳಿ ಬೆಳೆಸಬೇಕಾದರೆ ಎಂತಹ ಸಸಿಗಳನ್ನು ನೆಡಬೇಕು?

ಇದಕ್ಕೆ ಉತ್ತರ ಹೇಳುವ ಮೊದಲು ಈ ಮರದ ಸಂತಾನಕ್ರಮವನ್ನು ತಿಳಿಯಬೇಕು. ರೆಡ್‌ವುಡ್ಡಿನ ಬೀಜ ಬಹಳ ಸಣ್ಣದು. ಉದುರಿದುವುಗಳಲ್ಲಿ ಮೊಳೆಯುವುವು ಕೆಲವೇ. ಆದರೆ ಮರವನ್ನು ಕಡಿದರೂ ಅದರ ಬುಡದಿಂದ ಹೊಸ ಚಿಗುರುಗಳೆದ್ದು ಮರಗಳಾಗುತ್ತವೆ. ನಮ್ಮ ತೋಟದ ಬಾಳೆಯ ಕಂದುಗಳನ್ನು ಕಂಡವರಿಗೆ ಇದು ಹೊಸತಲ್ಲ. ಕಂದು ಹೇಗೆ ತಾಯಿಬಾಳೆಯ ಪಡಿಯಚ್ಚೋ ಹಾಗೆಯೇ ಈ ಚಿಗುರೂ ತಾಯಿಮರದ ಪಡಿಯಚ್ಚು. ಆದಕಾರಣ ಒಂದು ಹಳೆಯ ಬೊಡ್ಡೆಯ ಸುತ್ತ ಹತ್ತು ಕಾಂಡಗಳು ನಿಂತಿದ್ದರೆ ಹತ್ತು ಬಗೆಯ ಮರಗಳಿವೆಯೆಂದು ಎಣಿಸುವಂತಿಲ್ಲ.

ಇನ್ನೊಂದು ವಿಶೇಷವುಂಟು. ಮಾನವನ ಜೀವಕೋಶದಲ್ಲಿ 23ರ ಎರಡು ತಂಡಗಳಂತೆ 46 ವರ್ಣತಂತುಗಳಿವೆ. ರೆಡ್‌ವುಡ್ಡಿನಲ್ಲಿ 11ರ ಆರು ತಂಡಗಳಂತೆ 66 ಇವೆ. 2019ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಇದರ ವಂಶಲಿಪಿಯಲ್ಲಿ ಸುಮಾರು 2,700 ಕೋಟಿ ಅಕ್ಷರಗಳಿವೆ. ಇದು ಮಾನವನದಕ್ಕಿಂತ ಒಂಬತ್ತು ಪಟ್ಟು ದೊಡ್ಡದು. ಒಂದೇ ಮರದಲ್ಲಿ ಒಂದು ವಂಶವಾಹಿಯ ಆರು ರೂಪಗಳವರೆಗೆ ಇರಬಹುದು. ‘ಹಾಗಿದ್ದಲ್ಲಿ ವೈವಿಧ್ಯದ ಚಿಂತೆಯೇಕೆ?’ ಎಂದು ಕೆಲವರು ಕೇಳಬಹುದು. ಆ ಆರು ರೂಪಗಳನ್ನೇ ಸಾವಿರ ಸಲ ನಕಲು ಮಾಡಿದರೂ ಏಳನೆಯದು ಹುಟ್ಟದು ಎಂಬುದೇ ನಮ್ಮ ಉತ್ತರ. ಎರಡು ಮರಗಳ ಗುಣಗಳು ಬೆರೆತು ಹೊಸ ಸಂಯೋಗಗಳಾಗುವುದು ಬೀಜದಿಂದಲೇ.

ಹೊಸ ಸಂಯೋಗಗಳ ಅಗತ್ಯ ಈಗ ಹಿಂದಿಗಿಂತ ಹೆಚ್ಚಾಗಿದೆ. ಈ ಪಟ್ಟಿಯ ಉತ್ತರಭಾಗದಲ್ಲಿ ಮಳೆ ಹೆಚ್ಚು, ದಕ್ಷಿಣದ ಅಂಚಿನಲ್ಲಿ ಕಡಮೆ. ಮಳೆಯಿಲ್ಲದ ಬೇಸಗೆಯಲ್ಲಿ ಸಮುದ್ರದಿಂದ ಬರುವ ಮಂಜೇ ಮರಗಳಿಗೆ ಆಧಾರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿದ್ದುದಕ್ಕಿಂತ ಆ ಮಂಜು ಮೂರರಲ್ಲಿ ಒಂದು ಪಾಲಿನಷ್ಟು ಕಡಮೆಯಾಗಿದೆಯೆಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಬರವನ್ನು ತಾಳುವ ಗುಣ ಯಾವ ಮರದಲ್ಲಿ ಅಡಗಿದೆಯೋ ಹೊರನೋಟಕ್ಕೆ ತಿಳಿಯದು. ಒಂದೇ ಬಗೆಯನ್ನು ನಂಬಿದರೆ ಏನಾಗುವುದೆಂಬುದಕ್ಕೆ ಬಾಳೆಯೇ ಸಾಕ್ಷಿ. ‘ಗ್ರೋ ಮಿಷೆಲ್’ ಎಂಬ ಒಂದೇ ತಳಿಯನ್ನು ಕಂದುಗಳಿಂದ ಬೆಳೆಸಿದ ಮಧ್ಯ ಅಮೆರಿಕದ ವಿಶಾಲ ತೋಟಗಳು ಪನಾಮಾ ರೋಗಕ್ಕೆ ತುತ್ತಾಗಿ, 1960ರ ಸುಮಾರಿಗೆ ವ್ಯಾಪಾರಿಗಳು ಆ ತಳಿಯನ್ನೇ ಕೈಬಿಡಬೇಕಾಯಿತು.

ಬುಡದ ಚಿಗುರನ್ನು ನಾವು ಹಳಿಯುತ್ತಿಲ್ಲ. 2020ರ ಆಗಸ್ಟಿನಲ್ಲಿ ಬಿಗ್ ಬೇಸಿನ್ ಉದ್ಯಾನ ಬಹುಮಟ್ಟಿಗೆ ಸುಟ್ಟುಹೋದಾಗ ಕರಿಕಾದ ರೆಡ್‌ವುಡ್ಡುಗಳು ಮತ್ತೆ ಚಿಗುರಿದುವು. ಆ ಶಕ್ತಿ ಅದ್ಭುತವಾದುದು. ದೈತ್ಯವೃಕ್ಷಗಳ ಚಿಗುರಿನಿಂದ ಸಸಿ ಮಾಡುವ ಪ್ರಯತ್ನವೂ ಮೆಚ್ಚತಕ್ಕದ್ದೇ. ಆದರೆ ಕಾಡನ್ನು ಕೆಲವೇ ಮಹಾವೃಕ್ಷಗಳ ನಕಲುಗಳಿಂದ ತುಂಬಿಸುವುದು ವಿವೇಕವಲ್ಲ. ಸಸಿತೋಟದವರು ಆಯಾ ಸೀಮೆಯ ಅನೇಕ ತಾಯಿಮರಗಳಿಂದ ಬೀಜವನ್ನು ಆಯ್ದು ಬೆಳೆಸಬೇಕು. ದಕ್ಷಿಣದ ಬೀಜವನ್ನು ಉತ್ತರದಲ್ಲಿಯೂ ಸ್ವಲ್ಪ ಬಿತ್ತಿ ಪರೀಕ್ಷಿಸಬೇಕು. ಯಾವ ದಾಖಲೆಯನ್ನೂ ಮುರಿಯದ ಸಣ್ಣ ಮರಗಳಿರುವ ದಕ್ಷಿಣದ ತೋಪುಗಳಿಗೂ ದೈತ್ಯರ ತೋಪುಗಳಿಗೆ ಸಮನಾದ ರಕ್ಷಣೆ ದೊರೆಯಬೇಕು.

ಎತ್ತರದ ಮೋಹ ನಿರಪಾಯಕರವೂ ಅಲ್ಲ. ಹೈಪೀರಿಯನ್ನನ್ನು ನೋಡಹೋದ ಜನರ ತುಳಿತಕ್ಕೆ ಅದರ ಬುಡದ ನೆಲ ಹಾಳಾಗಿ, 2022ರಲ್ಲಿ ಅಧಿಕಾರಿಗಳು ಅಲ್ಲಿಗೆ ಪ್ರವೇಶವನ್ನೇ ನಿಷೇಧಿಸಿದರು. ಜೀವಶಾಸ್ತ್ರವನ್ನು ಓದುವ ತರುಣರು ಕಾಡಿಗೆ ಹೋದಾಗ ಅತಿ ದೊಡ್ಡ ಮರ ಯಾವುದೆಂದು ಕೇಳಲಿ, ತಪ್ಪಲ್ಲ. ಅದರ ನೆರೆಯಲ್ಲಿ ಅದಕ್ಕಿಂತ ಭಿನ್ನವಾದ ಮರಗಳು ಎಷ್ಟಿವೆಯೆಂದೂ ಕೇಳಲಿ. ಮುಂದಿನ ಸಾವಿರ ವರ್ಷಗಳ ಕಾಡು ಆ ಎರಡನೆಯ ಪ್ರಶ್ನೆಯ ಉತ್ತರದಲ್ಲಿದೆ.